ದ್ರವ ಸಾರಜನಕದಲ್ಲಿ ಚಿಗುರು ತುದಿ: ಬೆಳೆ ತಳಿಗಳ ಶೈತ್ಯಸಂರಕ್ಷಣೆ ಮತ್ತು ರೋಗಮುಕ್ತಿ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಇಂದಿನ ಮಾತನ್ನು ಬೀಜದಿಂದ ಉಳಿಸಲಾಗದ ಬೆಳೆಗಳಿಂದ ಆರಂಭಿಸುತ್ತೇನೆ. ಗೋಧಿ, ಭತ್ತ, ಜೋಳಗಳಂತಹ ಬೆಳೆಗಳ ಬೀಜಗಳು ಒಣಗಿದಷ್ಟೂ, ತಣ್ಣಗಿದ್ದಷ್ಟೂ ಹೆಚ್ಚು ಕಾಲ ಬಾಳುತ್ತವೆ. ಅವುಗಳನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಲಕೋಟೆಯಲ್ಲಿ ಮುಚ್ಚಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ದಶಕಗಳ ನಂತರವೂ ಮೊಳೆಯುತ್ತವೆ. 2008ರಲ್ಲಿ ನಾರ್ವೆಯಲ್ಲಿ ಆರಂಭವಾದ ಸ್ವಾಲ್‌ಬಾರ್ಡ್ ಬೀಜ ಭಂಡಾರವು ನಿಂತಿರುವುದು ಈ ಗುಣದ ಮೇಲೆಯೇ. ಆದರೆ ನಾವು ತಿನ್ನುವ ಬಾಳೆಹಣ್ಣಿನಲ್ಲಿ ಬೀಜವೇ ಇಲ್ಲ. ಆಲೂಗಡ್ಡೆ, ಗೆಣಸು, ಮರಗೆಣಸುಗಳಲ್ಲಿ ಬೀಜವಾದರೂ ಅದರಿಂದ ಹುಟ್ಟುವ ಗಿಡವು ತಾಯಿಯ ತದ್ರೂಪವಾಗಿರದೆ ಬೇರೊಂದೇ ಸಂಯೋಜನೆಯಾಗಿರುತ್ತದೆ. ಸೇಬಿನ ಕಥೆಯೂ ಇದೇ. ಬೆಳ್ಳುಳ್ಳಿಯ ಬಹುತೇಕ ತಳಿಗಳು ಬೀಜ ಕಟ್ಟುವ ಶಕ್ತಿಯನ್ನೇ ಕಳೆದುಕೊಂಡಿವೆ. ತೆಂಗು, ಕೋಕೋ, ರಬ್ಬರ್, ಮಾವು, ಹಲಸುಗಳ ಬೀಜಗಳದ್ದು ಇನ್ನೊಂದು ಬಗೆಯ ತೊಡಕು. ಅವು ಹಸಿಯಾಗಿಯೇ ಮರದಿಂದ ಬೀಳುತ್ತವೆ, ಒಣಗಿಸಿದರೆ ಸಾಯುತ್ತವೆ, ಒಣಗಿಸದೆ ತಣ್ಣಗೆ ಮಾಡಿದರೂ ಸಾಯುತ್ತವೆ. ಬೀಜ ಭಂಡಾರದ ಬಾಗಿಲು ಇಂತಹ ಬೆಳೆಗಳಿಗೆ ತೆರೆಯುವುದಿಲ್ಲ.

ಹಾಗಾಗಿ ಇವುಗಳ ತಳಿ ಸಂಪತ್ತನ್ನು ಬಹುಕಾಲ ಹೊಲದಲ್ಲಿಯೇ, ಜೀವಂತ ಗಿಡಗಳ ರೂಪದಲ್ಲಿ ಕಾಪಾಡಿಕೊಂಡು ಬರಲಾಯಿತು. ಹಾಗೆ ಕಾಪಾಡುವುದು ಎಷ್ಟು ಕಠಿಣವಾಗಬಹುದು ಎಂಬುದಕ್ಕೆ ರಷ್ಯಾದ ಲೆನಿನ್‌ಗ್ರಾಡ್ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ನಗರದ ನಿದರ್ಶನವಿದೆ. 1941ರಲ್ಲಿ ಜರ್ಮನ್ ಸೇನೆ ನಗರವನ್ನು ಸುತ್ತುವರಿಯುತ್ತಿದ್ದಾಗ ಅಲ್ಲಿನ ಸಸ್ಯವಿಜ್ಞಾನಿಗಳು ಪಾವ್ಲೋವ್‌ಸ್ಕ್‌ನ ಪ್ರಯೋಗ ಕ್ಷೇತ್ರದಲ್ಲಿದ್ದ ಆಲೂಗಡ್ಡೆ ತಳಿಗಳನ್ನು ಗುಂಡಿನ ದಾಳಿಯ ನಡುವೆಯೇ ಅಗೆದು ನಗರಕ್ಕೆ ತಂದರು. ಬೀಜಗಳ ಪೆಟ್ಟಿಗೆಗಳು ಕಪಾಟಿನಲ್ಲಿ ಸುಮ್ಮನೆ ಕುಳಿತಿರಬಲ್ಲವು, ಗೆಡ್ಡೆಗಳು ಹಾಗಲ್ಲ. ಹೆಪ್ಪುಗಟ್ಟದಂತೆ ಅವುಗಳನ್ನು ಚಳಿಗಾಲವಿಡೀ ಬೆಚ್ಚಗಿಡಬೇಕಿತ್ತು, ವಸಂತ ಬಂದೊಡನೆ ನೆಲ ಹುಡುಕಿ ಮತ್ತೆ ನೆಡಬೇಕಿತ್ತು. ಹಸಿವಿನಿಂದ ಸಹೋದ್ಯೋಗಿಗಳು ಸಾಯುತ್ತಿದ್ದ ಕಟ್ಟಡದಲ್ಲಿ ಅವರು ಆ ಗೆಡ್ಡೆಗಳನ್ನು ತಿನ್ನದೆ ಉಳಿಸಿದರು. ಯುದ್ಧವಿಲ್ಲದ ಕಾಲದಲ್ಲಿಯೂ ಹೊಲದ ಸಂಗ್ರಹಕ್ಕೆ ಬಿರುಗಾಳಿ, ನೆರೆ, ಬರ, ಕೀಟಗಳ ಕಾಟ ತಪ್ಪಿದ್ದಲ್ಲ. ಎಲ್ಲಕ್ಕಿಂತ ಹೆಚ್ಚಿನ ಅಪಾಯ ಕಣ್ಣಿಗೆ ಕಾಣದ ವೈರಸ್‌ಗಳದ್ದು. ಗೆಡ್ಡೆ, ಕಂದು, ಕಸಿ ಕಡ್ಡಿಗಳ ಮೂಲಕ ಬೆಳೆಯುವ ಗಿಡಕ್ಕೆ ಒಮ್ಮೆ ವೈರಸ್ ತಗುಲಿತೆಂದರೆ ಅದು ಮುಂದಿನ ಎಲ್ಲ ಪೀಳಿಗೆಗಳಿಗೂ ಹೋಗುತ್ತದೆ. ಬೀಜದ ಹಂತದಲ್ಲಿ ಬಹಳಷ್ಟು ವೈರಸ್‌ಗಳು ಸೋಸಿಹೋಗುತ್ತವೆ. ಬೀಜವಿಲ್ಲದ ಬೆಳೆಗೆ ಆ ಸೋಸುವಿಕೆಯ ಅನುಕೂಲವೂ ಇಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಂಗಾಂಶ ಕೃಷಿ ಬೆಳೆದ ಮೇಲೆ ಈ ತಳಿಗಳನ್ನು ಗಾಜಿನ ನಳಿಕೆಗಳೊಳಗೆ, ಕ್ರಿಮಿರಹಿತ ಪೋಷಕ ಮಾಧ್ಯಮದ ಮೇಲೆ ಇಡಲು ಸಾಧ್ಯವಾಯಿತು. ಬೆಳಕು, ಉಷ್ಣತೆಗಳನ್ನು ತಗ್ಗಿಸಿ ಬೆಳವಣಿಗೆಯನ್ನು ನಿಧಾನಗೊಳಿಸಿದರೆ ಬಾಳೆಯ ಸಸಿಯನ್ನು ಸುಮಾರು ವರ್ಷಕ್ಕೊಮ್ಮೆ ಹೊಸ ನಳಿಕೆಗೆ ವರ್ಗಾಯಿಸಿದರೆ ಸಾಕಾಗುತ್ತದೆ. ಇದು ದೊಡ್ಡ ಮುನ್ನಡೆಯೇ ಹೌದು. ಆದರೂ ಸಾವಿರಾರು ತಳಿಗಳು, ಪ್ರತಿ ತಳಿಗೆ ಹತ್ತಾರು ನಳಿಕೆಗಳು, ಪ್ರತಿ ವರ್ಗಾವಣೆಯಲ್ಲೂ ಸೋಂಕಿನ ಭಯ, ಚೀಟಿ ಅದಲುಬದಲಾಗುವ ಭಯ, ಕಾಲಕ್ರಮೇಣ ಗಿಡದ ಗುಣವೇ ಬದಲಾಗುವ ಭಯ ಇದ್ದೇ ಇರುತ್ತವೆ. ಬೆಳವಣಿಗೆಯನ್ನು ನಿಧಾನಗೊಳಿಸುವುದರ ಬದಲು ಪೂರ್ತಿ ನಿಲ್ಲಿಸುವ ದಾರಿ ಬೇಕಿತ್ತು.

ದ್ರವ ಸಾರಜನಕವು ಮೈನಸ್ 196 ಡಿಗ್ರಿಯಲ್ಲಿ ಕುದಿಯುತ್ತದೆ. ಆ ಉಷ್ಣತೆಯಲ್ಲಿ ಕಿಣ್ವಗಳು ಕೆಲಸ ಮಾಡುವುದಿಲ್ಲ, ಉಸಿರಾಟ ನಡೆಯುವುದಿಲ್ಲ, ಕೋಶ ವಿಭಜನೆಯಾಗುವುದಿಲ್ಲ, ಅಣುಗಳು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುವುದೂ ಇಲ್ಲವೆನ್ನುವಷ್ಟು ನಿಧಾನವಾಗುತ್ತದೆ. ಕಾಲವು ಅಲ್ಲಿ ಗಿಡವನ್ನು ಮುಟ್ಟುವುದು ಹಿನ್ನೆಲೆ ವಿಕಿರಣದ ಮೂಲಕ ಮಾತ್ರ, ಅದೂ ಅತ್ಯಲ್ಪವಾಗಿ. ಆದ್ದರಿಂದ ಆ ಉಷ್ಣತೆಯಲ್ಲಿ ಇರುವುದು ಗಿಡಕ್ಕೆ ಕಷ್ಟವಲ್ಲ. ಕಷ್ಟವಿರುವುದು ಅಲ್ಲಿಗೆ ಇಳಿಯುವ ದಾರಿಯಲ್ಲಿ ಮತ್ತು ಅಲ್ಲಿಂದ ಮೇಲೇರುವ ದಾರಿಯಲ್ಲಿ.

ಆ ದಾರಿಯಲ್ಲಿ ಕೋಶವನ್ನು ಕೊಲ್ಲುವುದು ಬರಿಯ ಚಳಿಯಲ್ಲ, ಮಂಜುಗಡ್ಡೆ. ಜೀವಂತ ಸಸ್ಯಕೋಶದ ಬಹುಪಾಲು ನೀರು. ನೀರು ಹರಳುಗಟ್ಟುವಾಗ ಗಾತ್ರದಲ್ಲಿ ಸುಮಾರು 9 ಶೇಕಡ ಹಿಗ್ಗುತ್ತದೆ. ಕೋಶದೊಳಗೆ ಬೆಳೆಯುವ ಹರಳುಗಳು ಪೊರೆಗಳನ್ನು ಹರಿದುಹಾಕುತ್ತವೆ, ಹರಿದ ಪೊರೆಯನ್ನು ಹೊಲಿಯುವ ಉಪಾಯ ಕೋಶಕ್ಕೆ ತಿಳಿಯದು. ಹಾಗೆಂದು ನೀರನ್ನೆಲ್ಲ ಹೊರತೆಗೆದರೂ ಕೋಶ ಉಳಿಯುವುದಿಲ್ಲ, ಏಕೆಂದರೆ ಉಳಿದ ರಸದಲ್ಲಿ ಲವಣಗಳು ದಟ್ಟವಾಗಿ ಪ್ರೋಟೀನ್‌ಗಳು ಕೆಡುತ್ತವೆ. ಈ ಎರಡು ಸಾವುಗಳ ನಡುವೆ ಒಂದು ಕಿರುದಾರಿಯಿದೆ. ಕೋಶರಸವನ್ನು ಸಾಕಷ್ಟು ಗಟ್ಟಿಗೊಳಿಸಿ, ತುಂಬ ವೇಗವಾಗಿ ತಣಿಸಿದರೆ ನೀರಿನ ಅಣುಗಳಿಗೆ ಹರಳಿನ ಸಾಲುಗಳಲ್ಲಿ ನಿಲ್ಲಲು ಸಮಯವೇ ಸಿಗದೆ, ಅವು ಇದ್ದ ಸ್ಥಿತಿಯಲ್ಲೇ ಗಾಜಿನಂತೆ ಗಟ್ಟಿಯಾಗುತ್ತವೆ. ಗಾಜು ಹರಳಲ್ಲ, ಅದಕ್ಕೆ ಚೂಪು ಅಂಚುಗಳಿಲ್ಲ, ಅದು ಹಿಗ್ಗಿ ಪೊರೆಯನ್ನು ಸೀಳುವುದೂ ಇಲ್ಲ. ಈ ಗಾಜುಗಟ್ಟುವಿಕೆಯೇ ಇಂದಿನ ಶೈತ್ಯಸಂರಕ್ಷಣೆಯ ಹೃದಯ.

ಇಲ್ಲಿಗೆ ಬರುವ ಮುನ್ನ ಬೇರೆ ದಾರಿಗಳೂ ಇದ್ದವು. 1949ರಲ್ಲಿ ಗ್ಲಿಸರಾಲ್ ಸೇರಿಸಿದರೆ ವೀರ್ಯಾಣುಗಳು ಹೆಪ್ಪುಗಟ್ಟಿದ ಮೇಲೂ ಬದುಕುತ್ತವೆಂದು ಪ್ರಾಣಿಶಾಸ್ತ್ರಜ್ಞರು ಕಂಡುಕೊಂಡರು. ಸಸ್ಯಗಳ ಪಾಲಿಗೆ ಮೊದಲ ದೊಡ್ಡ ಹೆಜ್ಜೆ ಜಪಾನಿನ ಅಕಿರಾ ಸಕಾಯಿ ಅವರದು. ಚಳಿಗಾಲಕ್ಕೆ ಸಹಜವಾಗಿ ಹದಗೊಂಡ ಮರಗಳ ಕಡ್ಡಿಗಳನ್ನು ಮೊದಲು ನಿಧಾನವಾಗಿ ಹೆಪ್ಪುಗಟ್ಟಿಸಿ, ಆಮೇಲೆ ದ್ರವ ಸಾರಜನಕದಲ್ಲಿ ಮುಳುಗಿಸಿದರೂ ಅವು ಬದುಕಬಲ್ಲವು ಎಂದು ಅವರು 1960ರಲ್ಲಿ ಪ್ರಕಟಿಸಿದರು. ನಿಧಾನವಾಗಿ ತಣಿಸಿದಾಗ ಮಂಜು ಮೊದಲು ಕೋಶಗಳ ಹೊರಗೆ ಹುಟ್ಟುತ್ತದೆ. ಅದು ಒಳಗಿನ ನೀರನ್ನು ಮೆಲ್ಲನೆ ಹೊರಗೆ ಎಳೆದುಕೊಳ್ಳುತ್ತದೆ. ಒಳಗೆ ಉಳಿಯುವ ಗಟ್ಟಿ ರಸವು ನಂತರ ಹರಳಾಗದೆ ಗಾಜಾಗುತ್ತದೆ. ಅಮೆರಿಕದ ಫೋರ್ಟ್ ಕಾಲಿನ್ಸ್‌ನ ಸಂಗ್ರಹಾಲಯದಲ್ಲಿ ಸೇಬಿನ ಸುಪ್ತ ಮೊಗ್ಗುಗಳನ್ನು ಇಂದಿಗೂ ಇದೇ ತತ್ತ್ವದ ಮೇಲೆ ಇಡುತ್ತಾರೆ. ಕಡ್ಡಿಯ ತುಂಡುಗಳನ್ನು ಭಾಗಶಃ ಒಣಗಿಸಿ, ಗಂಟೆಗೆ 1 ಡಿಗ್ರಿಯಂತೆ ಮೈನಸ್ 30ರವರೆಗೆ ಇಳಿಸಿ, ನಂತರ ಸಾರಜನಕದ ಆವಿಗೆ ಸೇರಿಸುತ್ತಾರೆ. ಬೇಕಾದಾಗ ಹೊರತೆಗೆದು ಬೇರುಗಿಡಕ್ಕೆ ಕಣ್ಣುಕಸಿ ಮಾಡುತ್ತಾರೆ. ಇದು ಸರಳ, ಅಗ್ಗ, ನಂಬಲರ್ಹ. ಆದರೆ ಚಳಿಗಾಲದ ನಿದ್ರೆಯನ್ನೇ ಕಾಣದ ಉಷ್ಣವಲಯದ ಬೆಳೆಗಳಿಗೆ ಇದು ಒದಗುವುದಿಲ್ಲ.

ಉಷ್ಣವಲಯದ ಬೆಳೆಗಳಿಗೆ ದಾರಿ ತೆರೆದದ್ದು 1990ರಲ್ಲಿ, ಅದೂ ಸಕಾಯಿ ಅವರ ತಂಡದಿಂದಲೇ. ಕಿತ್ತಳೆಯ ಕೋಶಗಳಿಗಾಗಿ ಅವರು ರೂಪಿಸಿದ ಪಿ.ವಿ.ಎಸ್.2 (ಸಸ್ಯಗಳನ್ನು ಗಾಜುಗಟ್ಟಿಸುವ ದ್ರಾವಣ 2) ಎಂಬ ದ್ರಾವಣದಲ್ಲಿ 30 ಶೇಕಡ ಗ್ಲಿಸರಾಲ್, 15 ಶೇಕಡ ಎಥಿಲೀನ್ ಗ್ಲೈಕಾಲ್, 15 ಶೇಕಡ ಡೈಮೀಥೈಲ್ ಸಲ್ಫಾಕ್ಸೈಡ್ ಮತ್ತು ಸಕ್ಕರೆ ಇವೆ. ಅದೇ ವರ್ಷ ಫ್ರಾನ್ಸಿನಲ್ಲಿ ಆಲೂಗಡ್ಡೆ ಜಾತಿಯ ಚಿಗುರು ತುದಿಗಳನ್ನು ಆಲ್ಜಿನೇಟ್ ಎಂಬ ಕಡಲಪಾಚಿಯ ಅಂಟಿನ ಮಣಿಗಳೊಳಗೆ ಹುದುಗಿಸಿ, ಸಕ್ಕರೆಯಲ್ಲಿ ನೆನೆಸಿ, ಒಣಗಿಸಿ ತಣಿಸುವ ಇನ್ನೊಂದು ವಿಧಾನವೂ ಬಂದಿತು. ಮೂವತ್ತೈದು ವರ್ಷಗಳಲ್ಲಿ ಬಂದ ಬಹುತೇಕ ವಿಧಾನಗಳು ಈ ಎರಡರ ಮಕ್ಕಳು, ಮೊಮ್ಮಕ್ಕಳು.

ಅವುಗಳಲ್ಲಿ ಹನಿ-ಗಾಜುಗಟ್ಟಿಸುವ ವಿಧಾನವನ್ನು ಬಾಳೆಯ ಉದಾಹರಣೆಯೊಂದಿಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ವಿದ್ಯೆಯ ನಿಜವಾದ ಶ್ರಮ ಎಲ್ಲಿದೆ ಎಂಬುದು ಆಗ ಮಾತ್ರ ತಿಳಿಯುತ್ತದೆ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದಲ್ಲಿರುವ ಅಂತರರಾಷ್ಟ್ರೀಯ ಬಾಳೆ ತಳಿ ಕೇಂದ್ರದಲ್ಲಿ 1,500ಕ್ಕೂ ಹೆಚ್ಚು ತಳಿಗಳಿವೆ. ಅವುಗಳ ಶೈತ್ಯ ಸಂಗ್ರಹಕ್ಕೆ ಬಳಸುವ ವಿಧಾನವನ್ನು ಬಾರ್ಟ್ ಪಾನಿಸ್ ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದರು. ನಳಿಕೆಯಲ್ಲಿ ಬೆಳೆದ ಬಾಳೆ ಸಸಿಯ ಎಲೆಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಸುಲಿದು, ನಡುವಿನಲ್ಲಿರುವ ಸುಮಾರು 1 ಮಿಲಿಮೀಟರ್ ಗಾತ್ರದ ಚಿಗುರು ತುದಿಯನ್ನು ಕತ್ತರಿಸಿ ತೆಗೆಯಬೇಕು. ಸಾಸಿವೆ ಕಾಳಿಗಿಂತ ಚಿಕ್ಕದಾದ ಈ ತುಣುಕಿನಲ್ಲಿ ಮೂರ‍್ನಾಲ್ಕು ಎಳೆ ಎಲೆಗಳ ಮಡಿಕೆಗಳೂ ಅವುಗಳ ನಡುವೆ ಗುಮ್ಮಟದಂತಹ ವರ್ಧನ ಅಂಗಾಂಶವೂ, ಎಂದರೆ ಹೊಸ ಕೋಶಗಳು ಹುಟ್ಟುವ ಭಾಗವೂ, ಇರುತ್ತವೆ. ಕೈ ಒಂದಿಷ್ಟು ತಪ್ಪಿದರೆ ಗುಮ್ಮಟಕ್ಕೆ ಗಾಯವಾಗುತ್ತದೆ. ಗಾಯವಾದ ತುದಿಯನ್ನು ಯಾವ ದ್ರಾವಣವೂ ಉಳಿಸಲಾರದು. ಈ ಕೆಲಸವನ್ನು ಇಂದಿಗೂ ಮನುಷ್ಯರ ಕೈಗಳೇ ಮಾಡುತ್ತವೆ, ಅದನ್ನು ಚೆನ್ನಾಗಿ ಕಲಿಯಲು ತಿಂಗಳುಗಳು ಬೇಕು. ದ್ರವ ಸಾರಜನಕದ ಬಿಳಿ ಹೊಗೆಯನ್ನು ಕಂಡು ಬೆರಗಾಗುವವರು ಈ ಕತ್ತರಿಸುವ ಮೇಜಿನ ಮುಂದೆ ಒಂದು ಗಂಟೆ ನಿಲ್ಲಬೇಕೆಂದು ನಾನು ಬಯಸುತ್ತೇನೆ.

ಕತ್ತರಿಸಿದ ತುದಿಗಳನ್ನು ಮೊದಲು ಗ್ಲಿಸರಾಲ್ ಮತ್ತು ಸಕ್ಕರೆಯ ಹಗುರ ದ್ರಾವಣದಲ್ಲಿ ಸುಮಾರು 20 ನಿಮಿಷ ನೆನೆಸಿ, ಮುಂದೆ ಬರುವ ಆಘಾತಕ್ಕೆ ಹದಗೊಳಿಸುತ್ತಾರೆ. ನಂತರ ಮಂಜಿನ ಮೇಲಿಟ್ಟ ಪಿ.ವಿ.ಎಸ್.2 ದ್ರಾವಣಕ್ಕೆ ಹಾಕುತ್ತಾರೆ. ಇಲ್ಲಿ ನಿಮಿಷಗಳ ಲೆಕ್ಕ ಕಟ್ಟುನಿಟ್ಟು. ಬೇಗ ತೆಗೆದರೆ ನೀರು ಸಾಕಷ್ಟು ಹೊರಬಂದಿರುವುದಿಲ್ಲ, ಮಂಜು ಕೊಲ್ಲುತ್ತದೆ. ತಡವಾದರೆ ದ್ರಾವಣದ ವಿಷವೇ ಕೊಲ್ಲುತ್ತದೆ. ಬಾಳೆಗೆ ಸುಮಾರು ಅರ್ಧ ಗಂಟೆ ಹೊಂದುತ್ತದೆ. ಬೇರೆ ಬೆಳೆಗೆ, ಕೆಲವೊಮ್ಮೆ ಅದೇ ಬೆಳೆಯ ಬೇರೆ ತಳಿಗೆ, ಲೆಕ್ಕ ಬೇರೆಯಾಗುತ್ತದೆ. ಬಳಿಕ ಅಲ್ಯೂಮಿನಿಯಂ ಹಾಳೆಯ ಕಿರುಪಟ್ಟಿಯ ಮೇಲೆ ಒಂದು ಹನಿ ದ್ರಾವಣ, ಅದರೊಳಗೆ ಒಂದು ತುದಿ, ಹೀಗೆ ಸಾಲಾಗಿ ಇಟ್ಟು ಪಟ್ಟಿಯನ್ನು ನೇರವಾಗಿ ದ್ರವ ಸಾರಜನಕಕ್ಕೆ ಅದ್ದುತ್ತಾರೆ. ಮುಚ್ಚಿದ ಕೊಳವೆಯಲ್ಲಿ ಇಟ್ಟು ಮುಳುಗಿಸಿದರೆ ಪ್ಲಾಸ್ಟಿಕ್ಕಿನ ಗೋಡೆಯೂ ಸುತ್ತ ಕುದಿಯುವ ಅನಿಲದ ಪದರವೂ ಶಾಖವನ್ನು ತಡೆಯುತ್ತವೆ; ತೆಳು ಲೋಹದ ಮೇಲಿನ ಪುಟ್ಟ ಹನಿಗೆ ಆ ತಡೆ ಬಹಳ ಕಡಿಮೆ. ಪಿ.ವಿ.ಎಸ್.2 ದ್ರಾವಣವು ಮೈನಸ್ 115 ಡಿಗ್ರಿಯ ಆಸುಪಾಸಿನಲ್ಲಿ ಗಾಜಾಗುತ್ತದೆ. ಹನಿಯು ಆ ಗಡಿಯನ್ನು ಒಂದೆರಡು ಕ್ಷಣಗಳಲ್ಲಿ ದಾಟಿಬಿಡುತ್ತದೆ.

ಹಿಂತಿರುಗುವಾಗಲೂ ಅದೇ ಆತುರ ಬೇಕು. ಗಾಜು ನಿಧಾನವಾಗಿ ಬಿಸಿಯಾದರೆ ನಡುದಾರಿಯಲ್ಲಿ ಹರಳಾಗಿ ಮಾರ್ಪಡುತ್ತದೆ, ಇಳಿಯುವಾಗ ತಪ್ಪಿಸಿಕೊಂಡ ಸಾವು ಏರುವಾಗ ಎದುರಾಗುತ್ತದೆ. ಆದ್ದರಿಂದ ಪಟ್ಟಿಯನ್ನು ಸಾರಜನಕದಿಂದ ತೆಗೆದ ಕೂಡಲೇ ಕೊಠಡಿಯ ಉಷ್ಣತೆಯಲ್ಲಿರುವ ಸಕ್ಕರೆ ದ್ರಾವಣಕ್ಕೆ ಅದ್ದುತ್ತಾರೆ; ಅದು ತುದಿಯನ್ನು ಬೆಚ್ಚಗಾಗಿಸುವುದರ ಜೊತೆಗೆ ವಿಷಕಾರಿ ರಾಸಾಯನಿಕಗಳನ್ನೂ ತೊಳೆದುಹಾಕುತ್ತದೆ. ಆಮೇಲೆ ಒಂದು ವಾರ ಕತ್ತಲೆ. ದಣಿದ ಅಂಗಾಂಶದ ಮೇಲೆ ಬೆಳಕು ಬಿದ್ದರೆ ಆಕ್ಸಿಡೀಕರಣದ ಹಾನಿ ಹೆಚ್ಚುತ್ತದೆ. ಕೆಲವು ವಾರಗಳಲ್ಲಿ ಬದುಕಿದ ತುದಿಯಿಂದ ನೇರವಾಗಿ ಹಸಿರು ಚಿಗುರು ಹೊರಡುತ್ತದೆ. ನೇರವಾಗಿ ಎಂಬ ಮಾತು ಇಲ್ಲಿ ಮುಖ್ಯ: ಮಧ್ಯೆ ರೂಪವಿಲ್ಲದ ಕೋಶರಾಶಿ ಬೆಳೆದು ಅದರಿಂದ ಚಿಗುರು ಹುಟ್ಟಿದರೆ ತಳಿಯ ಗುಣ ಬದಲಾಗುವ ಸಂಭವ ಹೆಚ್ಚು. ತಳಿ ಶುದ್ಧತೆಗೆ ಅಪಾಯ ಬರುವುದು ಸಾಮಾನ್ಯವಾಗಿ ಚಳಿಯಿಂದಲ್ಲ, ಚಳಿಯ ಮುಂಚಿನ ಮತ್ತು ನಂತರದ ಅಂಗಾಂಶ ಕೃಷಿಯಿಂದ.

ಇನ್ನು ರೋಗಮುಕ್ತಿಯ ವಿಚಾರ. ಮೇಲಿನ ವಿವರಣೆಯಲ್ಲಿ ಬದುಕಿದ ತುದಿ ಎಂದೆ. ವಾಸ್ತವದಲ್ಲಿ ತುದಿಯ ಎಲ್ಲ ಕೋಶಗಳೂ ಬದುಕುವುದಿಲ್ಲ. ಗುಮ್ಮಟದ ಮೇಲ್ಭಾಗದ ಕೋಶಗಳು ಚಿಕ್ಕವು, ದಟ್ಟವಾದ ಕೋಶರಸದಿಂದ ತುಂಬಿದವು, ಅವುಗಳ ರಸದಾನಿಗಳು, ಎಂದರೆ ಕೋಶದೊಳಗೆ ನೀರು ತುಂಬಿರುವ ಚೀಲಗಳು, ಬಹಳ ಪುಟ್ಟವು. ಹೆಪ್ಪುಗಟ್ಟುವ ನೀರು ಅಲ್ಲಿ ಕಡಿಮೆ. ಗುಮ್ಮಟದಿಂದ ಕೆಳಗಿಳಿದಂತೆ ಕೋಶಗಳು ಬಲಿತು, ನೀರು ತುಂಬಿದ ದೊಡ್ಡ ರಸದಾನಿಗಳನ್ನು ಪಡೆಯುತ್ತವೆ. ಅವು ಮಂಜಿಗೆ ತುತ್ತಾಗಿ ಸಾಯುತ್ತವೆ. ವೈರಸ್‌ಗಳು ಬೀಡುಬಿಟ್ಟಿರುವುದೂ ಇದೇ ಬಲಿತ ಕೋಶಗಳಲ್ಲಿ. ತುದಿಯ ಮೇಲಿನ 0.1ರಿಂದ 0.2 ಮಿಲಿಮೀಟರ್ ಭಾಗಕ್ಕೆ ನಾಳಗಳ ಸಂಪರ್ಕವಿಲ್ಲ, ಅಲ್ಲದೆ ಅಲ್ಲಿನ ಕೋಶಗಳಿಗೆ ವೈರಸ್ಸನ್ನು ಹತ್ತಿಕ್ಕುವ ಸ್ವಂತ ಶಕ್ತಿಯೂ ಇದೆ. ಹೊಸ ಕೋಶಗಳಿಗೆ ಮೂಲವಾದ ಕಾಂಡಕೋಶಗಳನ್ನು ಕಾಯುವ ವುಶೆಲ್ ಎಂಬ ಪ್ರೋಟೀನು ವೈರಸ್‌ನ ಬೆಳವಣಿಗೆಯನ್ನು ತಡೆಯುತ್ತದೆಂದು 2020ರಲ್ಲಿ ಅರಬಿಡೋಪ್ಸಿಸ್ ಎಂಬ ಪ್ರಯೋಗಾಲಯದ ಪುಟ್ಟ ಗಿಡದಲ್ಲಿ ತೋರಿಸಲಾಯಿತು. ಹೀಗೆ ಚಳಿಗೆ ಬದುಕುವ ಕೋಶಗಳೂ ವೈರಸ್ ಇಲ್ಲದ ಕೋಶಗಳೂ ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಚಳಿಯು ವೈರಸ್ಸನ್ನು ಕೊಲ್ಲುವುದಿಲ್ಲ; ಎಷ್ಟೋ ವೈರಸ್‌ಗಳನ್ನು ಪ್ರಯೋಗಾಲಯದಲ್ಲಿ ಕಾಪಾಡುವುದೇ ಆಳವಾದ ಚಳಿಯಲ್ಲಿ. ಚಳಿಯು ವೈರಸ್ ಇರುವ ಮನೆಯನ್ನು ಕೆಡವಿ, ಇಲ್ಲದ ಮನೆಯನ್ನು ಉಳಿಸುತ್ತದೆ. ಇದೇ ಶೈತ್ಯಚಿಕಿತ್ಸೆ ಅಥವಾ ಕ್ರಯೋಥೆರಪಿ.

1952ರಲ್ಲಿ ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ಅವರು ಡೇಲಿಯಾ ಗಿಡದ ವರ್ಧನ ಅಂಗಾಂಶವನ್ನು ಕತ್ತರಿಸಿ ಬೆಳೆಸಿ ವೈರಸ್‌ಮುಕ್ತ ಗಿಡ ಪಡೆದಂದಿನಿಂದ ಇದೇ ಗುರಿಯನ್ನು ಚಾಕುವಿನಿಂದ ಸಾಧಿಸುತ್ತ ಬಂದಿದ್ದೇವೆ. ಅಲ್ಲಿ ಇಕ್ಕಟ್ಟೊಂದಿದೆ. ತುಣುಕು ಚಿಕ್ಕದಾದಷ್ಟೂ ಶುದ್ಧ, ಆದರೆ ಚಿಕ್ಕದಾದಷ್ಟೂ ಬದುಕುವ ಸಾಧ್ಯತೆ ಕಡಿಮೆ. ಶೈತ್ಯಚಿಕಿತ್ಸೆಯಲ್ಲಿ 1 ಮಿಲಿಮೀಟರ್ ತುದಿಯನ್ನು ತೆಗೆದುಕೊಂಡರೂ ಸಾಕು, ಉಳಿದ ಕತ್ತರಿಸುವ ಕೆಲಸವನ್ನು ಚಳಿಯೇ ಮಾಡುತ್ತದೆ. 1997ರಲ್ಲಿ ಪ್ಲಮ್, ಪೀಚ್‌ಗಳ ಪ್ರೂನಸ್ ಜಾತಿಯ ಬೇರುಗಿಡವೊಂದರಿಂದ ಪ್ಲಮ್ ಪಾಕ್ಸ್ ವೈರಸ್ಸನ್ನು ಹೀಗೆ ತೆಗೆದುಹಾಕಿದ ವರದಿ ಬಂದ ಮೇಲೆ ಬೇರೆ ಬೆಳೆಗಳೂ ಸೇರಿಕೊಂಡವು. ಆಲೂಗಡ್ಡೆಯ ಪ್ರಯೋಗವೊಂದರಲ್ಲಿ ಬದುಕಿ ಬೆಳೆದ ಸಸಿಗಳ ಪೈಕಿ 83ರಿಂದ 86 ಶೇಕಡ ಎಲೆ ಮುದುರು ವೈರಸ್‌ನಿಂದಲೂ, 91ರಿಂದ 95 ಶೇಕಡ ವೈ ವೈರಸ್‌ನಿಂದಲೂ ಮುಕ್ತವಾಗಿದ್ದವು. ದ್ರಾಕ್ಷಿಯ ಎ ವೈರಸ್ ವಿಷಯದಲ್ಲಿ ಈ ಪ್ರಮಾಣ 97 ಶೇಕಡಕ್ಕೇರಿತು. ಗೆಣಸಿನ ಕಿರು ಎಲೆ ರೋಗವನ್ನುಂಟುಮಾಡುವ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಾಣು ಮತ್ತು ನಿಂಬೆ ಜಾತಿಯ ಗಿಡಗಳನ್ನು ಒಣಗಿಸುವ ಹುವಾಂಗ್‌ಲಾಂಗ್‌ಬಿಂಗ್ ರೋಗದ ಬ್ಯಾಕ್ಟೀರಿಯಾ ನಾಳಗಳಲ್ಲಿಯೇ ವಾಸಿಸುವುದರಿಂದ, ಅವು ಈ ಚಿಕಿತ್ಸೆಗೆ ಇನ್ನೂ ಸುಲಭವಾಗಿ ಸೋಲುತ್ತವೆ. ರೋಗಕ್ಕೆ ಔಷಧವೇ ಇಲ್ಲದ ಕಡೆ ಇಂತಹ ಫಲಿತಾಂಶದ ಬೆಲೆ ಎಷ್ಟೆಂಬುದನ್ನು ವೈರಸ್ ಹಿಡಿದ ಗೆಡ್ಡೆಯನ್ನೇ ಮತ್ತೆ ಮತ್ತೆ ನೆಡಬೇಕಾದ ಬೆಳೆಗಾರರು ಬಲ್ಲರು.

ಆದರೆ ಈ ಚಿಕಿತ್ಸೆಯನ್ನು ಸರ್ವರೋಗ ನಿವಾರಕವೆಂದು ಹೇಳುವುದು ತಪ್ಪು, ಅಪಾಯಕಾರಿ ಕೂಡ. ಬಾಳೆಯ ಒಂದು ಪ್ರಯೋಗದಲ್ಲಿ ಸ್ಟ್ರೀಕ್ ವೈರಸ್ 90 ಶೇಕಡ ಸಸಿಗಳಿಂದ ಹೋಯಿತು, ಆದರೆ ಸೌತೆ ಮೊಸಾಯಿಕ್ ವೈರಸ್ 30 ಶೇಕಡ ಸಸಿಗಳಿಂದ ಮಾತ್ರ ಹೋಯಿತು. ಕೆಲವು ರೋಗಕಾರಕಗಳು ಗುಮ್ಮಟದ ತುದಿಯವರೆಗೂ ನುಗ್ಗಬಲ್ಲವು. ಸೇಬಿನ ಕಾಂಡ ಗೀರು ವೈರಸ್ ಅಂತಹದು. ಬರಿಯ ಆರ್‌ಎನ್‌ಎ ತುಣುಕುಗಳಾದ ವೈರಾಯ್ಡ್‌ಗಳೂ ಅಂತಹವೇ. ಇವು ವರ್ಧನ ಅಂಗಾಂಶದೊಳಗಿದ್ದರೆ ಚಳಿಯು ಗಿಡದೊಂದಿಗೆ ಅವುಗಳನ್ನೂ ಜೋಪಾನವಾಗಿ ಕಾಪಾಡಿಬಿಡುತ್ತದೆ. ರಾಸ್ಪ್‌ಬೆರಿಯ ಕುಬ್ಜ ಪೊದೆ ವೈರಸ್ ವಿಷಯದಲ್ಲಿ ವಿಜ್ಞಾನಿಗಳು ಶಾಖ ಮತ್ತು ಚಳಿಯನ್ನು ಒಟ್ಟುಗೂಡಿಸಿದರು. ಗಿಡವನ್ನು ಕೆಲವು ವಾರ ಬಿಸಿಯಲ್ಲಿಟ್ಟು ವೈರಸ್ಸನ್ನು ತುದಿಯಿಂದ ಹಿಂದಕ್ಕೆ ಸರಿಸಿ, ಆಮೇಲೆ ಹೆಪ್ಪುಗಟ್ಟಿಸಿದಾಗ ವೈರಸ್‌ಮುಕ್ತ ಸಸಿಗಳು ಸಿಕ್ಕವು. ಬಾಳೆಯಲ್ಲಿ ಇನ್ನೂ ಮೊಂಡಾದ ಸಮಸ್ಯೆಯೊಂದಿದೆ. ಮೂಸಾ ಬಾಲ್ಬಿಸಿಯಾನಾ ಎಂಬ ಕಾಡುಬಾಳೆಯ ವಂಶವಾಹಿ ಇರುವ ಹಲವು ತಳಿಗಳಲ್ಲಿ ಸ್ಟ್ರೀಕ್ ವೈರಸ್‌ನ ಡಿಎನ್‌ಎ ಗಿಡದ ವರ್ಣತಂತುಗಳಲ್ಲಿಯೇ ಹೆಣೆದುಕೊಂಡಿದೆ, ಗಿಡವು ಒತ್ತಡಕ್ಕೆ ಸಿಕ್ಕಾಗ ಅದು ಎಚ್ಚೆತ್ತು ರೋಗ ತರಬಲ್ಲದು. ಪ್ರತಿ ಕೋಶದ ವರ್ಣತಂತುವಿನಲ್ಲೂ ಇರುವುದನ್ನು ಕೋಶಗಳ ಆಯ್ಕೆಯಿಂದ ತೆಗೆಯಲು ಸಾಧ್ಯವಿಲ್ಲ. ಆದ್ದರಿಂದ ಹೆಪ್ಪುಗಟ್ಟಿಸುವ ಮುನ್ನವೂ ನಂತರವೂ ರೋಗ ಪರೀಕ್ಷೆ ಆಗಲೇಬೇಕು, ಸಸಿಯು ಬೆಳೆದು ದೊಡ್ಡದಾದ ಮೇಲೆ ಮತ್ತೊಮ್ಮೆ ಆಗಬೇಕು; ಮೊದಲ ವಾರಗಳಲ್ಲಿ ವೈರಸ್‌ನ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ಕಡಿಮೆ ಇರಬಹುದು. ಪರೀಕ್ಷಿಸದ ಗಿಡವನ್ನು ಶೈತ್ಯ ಭಂಡಾರಕ್ಕೆ ಸೇರಿಸುವುದು ಮುಂದಿನ ಪೀಳಿಗೆಗೆ ರೋಗವನ್ನು ಭದ್ರವಾಗಿ ಕಟ್ಟಿಕೊಡುವುದಕ್ಕೆ ಸಮ.

ಎಷ್ಟು ತುದಿಗಳನ್ನು ಇಡಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ. ಒಂದು ತಳಿಯ ತುದಿಗಳು ಹಿಂತಿರುಗಿ ಬೆಳೆಯುವ ಸಾಧ್ಯತೆ 30 ಶೇಕಡ ಎಂದಿಟ್ಟುಕೊಳ್ಳೋಣ. ಹತ್ತು ತುದಿಗಳನ್ನು ತೆಗೆದರೆ ಒಂದೂ ಬೆಳೆಯದಿರುವ ಸಂಭವ 3 ಶೇಕಡಕ್ಕಿಂತ ಕಡಿಮೆ. ಇಪ್ಪತ್ತನ್ನು ತೆಗೆದರೆ ಅದು ಸಾವಿರಕ್ಕೆ ಒಂದಕ್ಕೂ ಕೆಳಗಿಳಿಯುತ್ತದೆ. ಬದುಕುಳಿಯುವ ಪ್ರಮಾಣ ಸಾಧಾರಣವಾಗಿದ್ದರೂ ತುದಿಗಳ ಸಂಖ್ಯೆಯಿಂದ ಅದನ್ನು ತುಂಬಿಕೊಳ್ಳಬಹುದು ಎಂಬುದು ಇದರ ಅರ್ಥ. ಪ್ರಮಾಣ 5 ಶೇಕಡಕ್ಕೆ ಕುಸಿದರೆ ಮಾತ್ರ ಇಪ್ಪತ್ತು ತುದಿಗಳೂ ಸಾಲವು. ಆಗ ವಿಧಾನವನ್ನೇ ತಿದ್ದಬೇಕು. ಒಟ್ಟಿಗೆ ಹೆಪ್ಪುಗಟ್ಟಿಸಿದ ಪ್ರತಿ ಗುಂಪಿನಿಂದ ಕೆಲವು ತುದಿಗಳನ್ನು ಕೂಡಲೇ ಹೊರತೆಗೆದು ಬೆಳೆಸಿ ನೋಡದೆ ಉಳಿದವನ್ನು ಭಂಡಾರಕ್ಕೆ ಒಪ್ಪಿಸಬಾರದು. ಮೂಲ ಸಂಗ್ರಹದಿಂದ ದೂರದ ಇನ್ನೊಂದು ಸ್ಥಳದಲ್ಲಿ ಅದರ ಒಂದು ಪ್ರತಿ ಇರಲೇಬೇಕು. ಒಮ್ಮೆ ಒಳಗೆ ಸೇರಿದ ಮೇಲೆ ಖರ್ಚು ಕಡಿಮೆ: ಶಾಖನಿರೋಧಕ ತೊಟ್ಟಿಗೆ ಆವಿಯಾದಷ್ಟು ಸಾರಜನಕವನ್ನು ಕ್ರಮವಾಗಿ ತುಂಬುತ್ತಿದ್ದರೆ ವಿದ್ಯುತ್ ಹೋದರೂ ತಕ್ಷಣ ತೊಂದರೆಯಿಲ್ಲ. ಆದರೆ ಒಂದು ಲೀಟರ್ ದ್ರವ ಸಾರಜನಕವು ಸುಮಾರು 700 ಲೀಟರ್ ಅನಿಲವಾಗಿ ಹಿಗ್ಗುತ್ತದೆ ಎಂಬುದನ್ನು ಅಲ್ಲಿ ಕೆಲಸ ಮಾಡುವವರು ಒಂದು ದಿನವೂ ಮರೆಯಬಾರದು. ಗಾಳಿಯಾಡದ ಕೋಣೆಯಲ್ಲಿ ಆಮ್ಲಜನಕವು ಯಾವ ವಾಸನೆಯ ಸುಳಿವೂ ಇಲ್ಲದೆ ತಗ್ಗುತ್ತದೆ, ಮನುಷ್ಯನು ಅಪಾಯವನ್ನು ಅರಿಯುವ ಮೊದಲೇ ಕುಸಿಯುತ್ತಾನೆ. ಆಮ್ಲಜನಕ ಮಾಪಕ ಮತ್ತು ತೆರೆದ ಗಾಳಿ ಇಲ್ಲದ ಶೈತ್ಯ ಕೊಠಡಿಗೆ ಯಾರನ್ನೂ ಕಳುಹಿಸಕೂಡದು.

ಪೆರುವಿನ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಮತ್ತು ಜರ್ಮನಿಯ ಗಾಟರ್ಸ್‌ಲೆಬೆನ್‌ನ ಸಂಸ್ಥೆಗಳು ಆಲೂಗಡ್ಡೆಯ ತಳಿಗಳನ್ನು ದೊಡ್ಡ ಪ್ರಮಾಣದಲ್ಲಿ ಹೀಗೆ ಕೂಡಿಟ್ಟಿವೆ. ಗಾಟರ್ಸ್‌ಲೆಬೆನ್‌ನಲ್ಲಿ ಬೆಳ್ಳುಳ್ಳಿಯೂ ಪುದೀನವೂ ಸೇರಿವೆ. ಗೆಡ್ಡೆ ಗೆಣಸುಗಳ ವಿಷಯದಲ್ಲಿ ದಾರಿ ಹೆಚ್ಚುಕಡಿಮೆ ಗೊತ್ತಾಗಿದೆ. ಅಲ್ಲಿ ಉಳಿದಿರುವುದು ಹಣ, ತರಬೇತಾದ ಕೈಗಳು ಮತ್ತು ತಾಳ್ಮೆಯ ಪ್ರಶ್ನೆ. ಹಸಿ ಬೀಜದ ಮರಗಳ ವಿಷಯ ಹಾಗಿಲ್ಲ. ತೆಂಗಿನಕಾಯಿಯನ್ನು ಇಡಿಯಾಗಿ ಹೆಪ್ಪುಗಟ್ಟಿಸಲು ಆಗದು. ಅದರೊಳಗಿನ ಭ್ರೂಣವನ್ನು ಬೇರ್ಪಡಿಸಬೇಕು, ಇಲ್ಲವೇ ಭ್ರೂಣದ ಮೊಳಕೆ ತುದಿಯನ್ನು ತೆಗೆಯಬೇಕು, ಅದು ಚಳಿಯನ್ನು ದಾಟಿ ಬಂದ ಮೇಲೆ ಬೇರು ಬಿಟ್ಟು ಮಣ್ಣಿನಲ್ಲಿ ನಿಲ್ಲುವಂತೆ ಮಾಡಬೇಕು. ತೆಂಗಿನ ಪರಾಗವನ್ನೂ ಇಡಬಹುದು, ಆದರೆ ಪರಾಗದಲ್ಲಿ ಇರುವುದು ಅರ್ಧ ವಂಶವಾಹಿ ಮಾತ್ರ. ಅಂಗಾಂಶ ಕೃಷಿಗೆ ಸುಲಭವಾಗಿ ಒಗ್ಗದ ಮಾವು, ಹಲಸುಗಳಲ್ಲಿ ತೊಡಕು ಶುರುವಾಗುವುದು ದ್ರವ ಸಾರಜನಕದ ಬಳಿಯಲ್ಲ, ಅದಕ್ಕಿಂತ ಬಹಳ ಮುಂಚೆ, ಕತ್ತರಿಸಿದ ಚಿಗುರು ಗಾಜಿನ ನಳಿಕೆಯೊಳಗೆ ಕಪ್ಪಾಗಿ ಬಾಡುವಲ್ಲಿ. ಆ ಚಿಗುರನ್ನು ನಳಿಕೆಯಲ್ಲಿ ಬದುಕಿಸುವುದು ಮೊದಲು ಆಗಬೇಕು. ಅಲ್ಲಿಯವರೆಗೆ ಈ ಮರಗಳ ತಳಿಗಳು ತೋಟಗಳಲ್ಲಿಯೇ, ಬಿಸಿಲು ಮಳೆ ರೋಗಗಳ ನಡುವೆಯೇ ಇರಬೇಕಾಗಿದೆ.